ಎಂಬತ್ತು ದಿನ

ನಾನು ಅಳಿಸಿದ್ದು ನಾಲ್ಕೇ ದಿನ.
ಮಗಳ ಕಂಪಾಸ್ ಬಾಕ್ಸಿನ ರಬ್ಬರು,
ಸ್ಟ್ರಾಬೆರಿ ವಾಸನೆಯದು.

ಮೂರ್ಕಲ್ಲು ಎಸ್ಟೇಟಿನಲ್ಲಿ ಹಾಜರಿ ಪೆನ್ಸಿಲಲ್ಲೇ.
ಸಂಬಳದ ಶನಿವಾರ ಮಾತ್ರ ಶಾಯಿ.
ಯಾಕೆಂದು ನಾನು ಕೇಳಿದವನಲ್ಲ,
ಹತ್ತೊಂಬತ್ತು ವರ್ಷದ ರೈಟರ್ ಗ್ರೆಗರಿ.

ಎರವರ ಬೊಳ್ಚಿಯ ಹೆಸರಿನ ಮುಂದೆ
ಎಂಬತ್ತಮೂರು ಗೀಟು.
ಮ್ಯಾನೇಜರು ಗೀಟು ಎಣಿಸಿದರು,
ಕಿಟಕಿಯಾಚೆ ಮೂಟೆ ಹೊತ್ತು ಹೋಗುತ್ತಿದ್ದ
ಅವಳ ಹೊಟ್ಟೆಯನ್ನೂ ಅಳೆದರು.
"ಹೆರಿಗೆ ಸಂಬಳಕ್ಕೆ ಕಾನೂನು ಎಂಬತ್ತು ದಿನ ಕೇಳುತ್ತೆ, ಗ್ರೆಗರಿ.
ಎಪ್ಪತ್ತೊಂಬತ್ತಾದರೆ
ಅವಳ್ಯಾರೋ, ನಾವ್ಯಾರೋ."
ಎಂದವರೇ ಚಹಾಕ್ಕೆ
ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡರು.

ಸೋಮವಾರ ಮೇಸ್ತ್ರಿ ಅವಳನ್ನು ಸಾಲಿನಿಂದ ಈಚೆ ಕರೆದ.
ಹೊಟ್ಟೆ ಹೊತ್ತವಳು ಏಣಿ ಹತ್ತುವ ಹಾಗಿಲ್ಲವಂತೆ,
ಏಣಿ ಬಿಟ್ಟು ಬೇರೆ ಕೆಲಸ ಇಲ್ಲವಂತೆ.

ಸಿದ್ದಾಪುರದಲ್ಲಿ ಬೇಕರಿಯ ಮೇಲೆ
ಯೂನಿಯನ್ನಿನ ಒಂದೇ ಕೋಣೆ.
ಮೆಟ್ಟಿಲಿಗೆ ಬಿಸಿ ಬನ್ನಿನ ವಾಸನೆ,
ಒಳಗೆ ಸೆಲ್ವಮೇರಿ, ಸೀರೆ ಅಂಗಡಿಯ ಚೀಲದಲ್ಲಿ
ಇಡೀ ಜಿಲ್ಲೆಯ ಕೇಸುಗಳು.
ಬೊಳ್ಚಿ ಅಲ್ಲಿಗೆ ಹೋದಳು ಎಂಬ ಸುದ್ದಿ
ಅವಳು ಮೆಟ್ಟಿಲಿಳಿಯುವ ಮೊದಲೇ ಬಂಗಲೆಗೆ ಮುಟ್ಟಿತ್ತು.

ಮಡಿಕೇರಿಯ ಕಾರ್ಮಿಕ ಕಚೇರಿ.
ಅಧಿಕಾರಿ ಕುರ್ಚಿ ತೋರಿಸಿದರು,
ಅವಳು ಕೂರಲಿಲ್ಲ.
ಎಸ್ಟೇಟಿನ ಯಾವ ಕುರ್ಚಿಗೂ ಅವಳ ಪರಿಚಯವಿರಲಿಲ್ಲ.
"ದಿನದ ಲೆಕ್ಕ ಬರೆದಿಟ್ಟಿದ್ದೀಯೇನಮ್ಮಾ?"
"ಬರೆಯೋಕೆ ಬರಲ್ಲ. ದಿನ ಗೊತ್ತು."

ಶುರು ಮಾಡಿದಳು, ಗೋಡೆ ನೋಡುತ್ತ:
ಹುತ್ತರಿ ಕಳೆದು ಮೂರನೇ ದಿನ ಏಳನೇ ಬ್ಲಾಕು,
ಅಲ್ಲಿಂದ ಎಂಟು ದಿನ ಅರೇಬಿಕಾ ಹಣ್ಣು.
ಕಣದಲ್ಲಿ ಹರವಿದ್ದು ಐದು ದಿನ, ಐದನೆಯದು ಅರ್ಧ ಮಳೆ.
ಹಲಸಿಗೆ ಆನೆ ಬಂದ ದಿನ
ಸಂಜೆಯವರೆಗೆ ಗೇಟಲ್ಲೇ ನಿಲ್ಲಿಸಿದರು,
ನಿಂತದ್ದೂ ದುಡಿದದ್ದೇ.
ಮೆಣಸಿಗೆ ಮದ್ದು ಹೊಡೆದ ದಿನ,
ಕಣ್ಣು ಉರಿದು ಕುಕ್ಕರಿಸಿದ್ದೆ, ಮನೆಗೆ ಹೋಗಿಲ್ಲ.
ಸಿಲ್ವರ್ ಮರ ಬಿದ್ದು ಪಳನಿಯ ಕಾಲು ಮುರಿದ ದಿನ.
ಬಂಗಲೆ ಮದುವೆಯ ಮಾರನೇ ದಿನ,
ಬೂದಿ ಹಾಕಿ ನಲವತ್ತು ಬಾಣಲೆ.

ಅವಳು ಹೇಳುತ್ತಲೇ ಇದ್ದಳು.
ನಾನು ಅಳಿಸಿದ್ದು ಆ ಕಡೆಯ ನಾಲ್ಕನ್ನೇ.
ಆ ಬಾಣಲೆಗಳ ಪಂದಿಕರಿ
ನಾನೂ ಉಂಡಿದ್ದೆ,
ಎರಡು ಸಲ ಬಡಿಸಿಕೊಂಡು.

"ರೈಟರ್, ಮಸ್ಟರ್ ಕೊಡಿ."

ಕೊಟ್ಟೆ. ಪುಟ ಬೆಳ್ಳಗಿತ್ತು.
ಅಷ್ಟಕ್ಕೇ ಕೈ ಹಿಂತೆಗೆಯಬೇಕಿತ್ತು.
ಮ್ಯಾನೇಜರು ಗಡಿಯಾರ ನೋಡುತ್ತಿದ್ದರು.
ಅದೇನಾಯಿತೋ,
ನನ್ನ ಹೆಬ್ಬೆರಳು ಪುಟದ ಅಂಚು ಹಿಡಿದು
ಪುಸ್ತಕವನ್ನು ಕಿಟಕಿಯತ್ತ
ಒಂದಿಷ್ಟು ಓರೆ ಮಾಡಿತು.

ಬೆಳಕು ಅಡ್ಡ ಬಿದ್ದಾಗ
ನಾಲ್ಕು ಗೀಟು
ಉತ್ತ ಗೆರೆಗಳ ಹಾಗೆ ಎದ್ದು ನಿಂತವು.
ರಬ್ಬರು ಕಪ್ಪನ್ನು ತಿನ್ನುತ್ತದೆ,
ಒತ್ತನ್ನು ತಿನ್ನಲಾರದು.
ನನ್ನದು ಮೊದಲಿನಿಂದಲೂ ಒತ್ತಿ ಬರೆಯುವ ಕೈ,
ಸ್ಕೂಲಿನಲ್ಲಿ ಅದಕ್ಕೇ ಪೆಟ್ಟು ತಿಂದಿದ್ದೆ.

ಜೀಪು ನನ್ನನ್ನು ಬಿಟ್ಟು ಹೊರಟಿತು.
ಬಸ್ಸಿನಲ್ಲಿ ಬೊಳ್ಚಿ ಎರಡು ಸೀಟು ಮುಂದೆ.
ತಿರುಗಿ ನೋಡಲಿಲ್ಲ, ಥ್ಯಾಂಕ್ಸ್ ಹೇಳಲಿಲ್ಲ.
ಯಾಕೆ ಹೇಳಬೇಕು?
ಅವಳ ದಿನಗಳು, ಅವಳವೇ.

ಆದೇಶ ಬರುವಷ್ಟರಲ್ಲಿ
ಮಗುವಿಗೆ ಮೇಲಿನ ಹಲ್ಲು ಬಂದಿತ್ತು.
ಎಸ್ಟೇಟು ಮೇಲ್ಮನವಿ ಹಾಕಿದೆ.
ನನಗೀಗ ಕೆಲಸವಿಲ್ಲ.

ಸೆಲ್ವಮೇರಿ, ನಿಮ್ಮ ಫಾರಂ ತುಂಬಿದ್ದೇನೆ,
ಪೆನ್ನಿನಲ್ಲೇ, ಹೆದರಬೇಡಿ.
ಇನ್ನೊಂದು ಮಾತಿದೆ.
ಬೊಳ್ಚಿ ಮೊದಲನೆಯವಳಲ್ಲ.
ಪಲ್ಪರ್ ಮನೆಯ ಅಟ್ಟದಲ್ಲಿ, ಗೋಣಿಗಳ ಹಿಂದೆ,
ಹಳೆಯ ಮಸ್ಟರುಗಳಿವೆ.
ಕರ್ಪಿಯ ಪುಟ, ಪಳನಿಯಮ್ಮನದು,
ಅಸ್ಸಾಮಿನಿಂದ ಬಂದ ಮೊಫಿದಾಳದು.
ಒಂದು ಟಾರ್ಚು ಸಾಕು.
ನೇರ ಹಿಡಿಯಬೇಡಿ,
ಏನೂ ಕಾಣುವುದಿಲ್ಲ.